ಮಿಲ್ಟನ್‌ನ ಒಂದು ಸಾಲೂ ಓದದೆ ನಾಲ್ಕು ಪುಟ: ಇಂಗ್ಲಿಷ್ ಅಧ್ಯಯನ ಮಂಡಳಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮ ರೂಪಿಸುವ ಇಂಗ್ಲಿಷ್ ಅಧ್ಯಯನ ಮಂಡಳಿಗಳ ಅಧ್ಯಕ್ಷರಿಗೂ ಸದಸ್ಯರಿಗೂ ನಮಸ್ಕಾರ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ಮೌಲ್ಯಮಾಪನಕ್ಕೆ ಹೋಗಿದ್ದೆ. ಬಿ.ಎ. ಮೊದಲ ಸೆಮಿಸ್ಟರ್, ಆಪ್ಷನಲ್ ಇಂಗ್ಲಿಷ್, ಅಂದರೆ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರ ಪತ್ರಿಕೆ. ಇಂಗ್ಲಿಷ್ ಕವಿ ಮಿಲ್ಟನ್ ಮೇಲೆ ಒಂದು ಪ್ರಶ್ನೆ ಇತ್ತು. ಒಂದು ಉತ್ತರ ಪತ್ರಿಕೆಯಲ್ಲಿ ನಾಲ್ಕು ಪುಟ ತುಂಬಾ ಬರೆದಿದ್ದರು. ಹುಟ್ಟಿದ್ದು 1608, ತೀರಿಕೊಂಡದ್ದು 1674, ಕಣ್ಣು ಹೋದದ್ದು ಯಾವಾಗ, ಗ್ರ್ಯಾಂಡ್ ಸ್ಟೈಲ್ ಅಂದರೇನು, ಎಲ್ಲ ಇತ್ತು. ಸಂತೋಷವಾಯಿತು. ಮುಂದಿನ ಪತ್ರಿಕೆ ತೆಗೆದೆ. ಅವೇ ನಾಲ್ಕು ಪುಟ. ಅದೇ ಜಾಗದಲ್ಲಿ ಕಾಮಾ, ಅದೇ ಸ್ಪೆಲಿಂಗ್ ತಪ್ಪು. ಮೂರನೆಯದೂ ಹಾಗೇ. ಯಾವ ಜೆರಾಕ್ಸ್ ಅಂಗಡಿಯ ನೋಟ್ಸ್ ಅಂತ ಪಕ್ಕದಲ್ಲಿ ಕೂತಿದ್ದ ಮೇಡಂ ಥಟ್ಟನೆ ಹೇಳಿಬಿಟ್ಟರು. ಆ ಸೆಮಿಸ್ಟರ್‌ನ ಪಠ್ಯದಲ್ಲಿ ಮಿಲ್ಟನ್ ಬರೆದ ಒಂದು ಸಾಲೂ ಇರಲಿಲ್ಲ. ಅವನ ಬಗ್ಗೆ ಮಾತ್ರ ಇತ್ತು. ನಾನು 15ಕ್ಕೆ 12 ಕೊಟ್ಟೆ. ಎಲ್ಲರಿಗೂ ಕೊಟ್ಟೆ. ಕೊಡದಿರಲು ಕಾರಣ ಏನಿತ್ತು? ಕೇಳಿದ್ದಕ್ಕೆ ಉತ್ತರ ಬರೆದಿದ್ದರು.

ಈ ಪತ್ರ ಆ 12 ಅಂಕದ ಬಗ್ಗೆ.

ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹದಿನಾರು ವರ್ಷವಾಯಿತು. ಪ್ರತಿ ವರ್ಷ ಮೊದಲ ದಿನ ಕ್ಲಾಸಿಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಆಪ್ಷನಲ್ ಇಂಗ್ಲಿಷ್ ಯಾಕೆ ತೆಗೆದುಕೊಂಡಿರಿ? ಉತ್ತರ ಮೂರೇ ಮೂರು. ಒಂದು, ‘ಇಂಗ್ಲಿಷ್ ಮಾತಾಡೋಕೆ ಬರುತ್ತೆ ಅಂತ ಸರ್.’ ಎರಡು, ‘ಕೆಲಸ ಸಿಗುತ್ತೆ ಅಂತ ಅಣ್ಣ ಹೇಳಿದ.’ ಮೂರು, ‘ಬೇರೆ ಕಾಂಬಿನೇಷನ್ ಸಿಗಲಿಲ್ಲ.’ ಕವಿತೆ ಇಷ್ಟ ಅಂತ ಹೇಳಿದವರು ಹದಿನಾರು ವರ್ಷದಲ್ಲಿ ಒಂದು ಕೈಬೆರಳಿನಷ್ಟು ಜನ ಇರಬಹುದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನೂ ಬಿ.ಎ. ಸೇರಿದ್ದು ಕೆಲಸಕ್ಕೇ.

ಇವರಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿಯಲ್ಲೂ ಇತಿಹಾಸ, ಅರ್ಥಶಾಸ್ತ್ರವನ್ನು ಕನ್ನಡದಲ್ಲೇ ಬರೆದವರು. ಇಂಥವರ ಕೈಗೆ ನಾವು ಮೊದಲ ತಿಂಗಳೇ ಕೊಡುವುದು ಏನು? ಚಾಸರ್‌ನಿಂದ ಹಿಡಿದು ಎಲಿಯಟ್‌ವರೆಗೆ ಯುಗಗಳ ಪಟ್ಟಿ. ಆರುನೂರು ವರ್ಷದ ಚರಿತ್ರೆ. ಜೊತೆಗೆ ಇಪ್ಪತ್ತು ಮೂವತ್ತು ಪಾರಿಭಾಷಿಕ ಪದಗಳು: ಸಾನೆಟ್, ಓಡ್, ಎಲಿಜಿ, ಮೆಟಫರ್, ಐರನಿ. ಒಂದೊಂದಕ್ಕೂ ಮೂರು ಸಾಲಿನ ವ್ಯಾಖ್ಯೆ. ಸೆಮಿಸ್ಟರ್ ಅಂದರೆ ಕಾಗದದ ಮೇಲೆ ಹದಿನಾರು ವಾರ. ಅಡ್ಮಿಷನ್ ಮುಗಿಯುವುದು ತಡ, ಅತಿಥಿ ಉಪನ್ಯಾಸಕರು ಬರುವುದು ಇನ್ನೂ ತಡ, ಕ್ರೀಡಾಕೂಟ, ಎನ್ನೆಸ್ಸೆಸ್ ಕ್ಯಾಂಪು, ಇಂಟರ್ನಲ್ಸು. ನನ್ನ ಲೆಕ್ಕದಲ್ಲಿ ಕೈಗೆ ಸಿಗುವುದು 40 ಗಂಟೆ. 40 ಗಂಟೆಯಲ್ಲಿ 600 ವರ್ಷ. ನಡೆದುಕೊಂಡು ಹೋಗಲು ಆಗುವುದಿಲ್ಲ, ಬಸ್ಸಿನ ಕಿಟಕಿಯಲ್ಲಿ ಊರುಗಳ ಬೋರ್ಡು ಓದಿದ ಹಾಗೆ ಓದಬೇಕು ಅಷ್ಟೆ.

ನನ್ನ ಬೇಡಿಕೆ ಒಂದೇ. ಮೊದಲ ಸೆಮಿಸ್ಟರ್‌ನಿಂದ ಚರಿತ್ರೆಯ ಆ ಪಟ್ಟಿಯನ್ನು ತೆಗೆಯಿರಿ. ಏಳೆಂಟು ಚಿಕ್ಕ ಕವಿತೆ, ಎರಡು ಕಥೆ, ನಾಟಕದ ಒಂದು ದೃಶ್ಯ ಕೊಡಿ. ಅದನ್ನು ಮಕ್ಕಳು ಓದಲಿ. ನಿಧಾನವಾಗಿ, ತಪ್ಪು ಮಾಡುತ್ತಾ ಓದಲಿ.

ಸುಮ್ನೆ ಹೇಳುತ್ತಿಲ್ಲ. ಒಂದು ವರ್ಷ ಪಟ್ಟಿಯನ್ನು ಬದಿಗಿಟ್ಟು, ವಿಲಿಯಂ ಬ್ಲೇಕ್‌ನ ಚಿಮಣಿ ಗುಡಿಸುವ ಹುಡುಗನ ಕವಿತೆಯನ್ನು ಕ್ಲಾಸಿಗೆ ತೆಗೆದುಕೊಂಡು ಹೋದೆ. 1789ರದ್ದು. 24 ಸಾಲು. ಕಷ್ಟದ ಪದ ಒಂದೋ ಎರಡೋ. ನಾಲ್ಕು ಗಂಟೆ ಹಿಡಿಯಿತು.

ಮೊದಲ ತೊಡಕು ಬಂದಿದ್ದು ನಾನು ಎಣಿಸದ ಜಾಗದಲ್ಲಿ. ಒಬ್ಬ ಹುಡುಗ ಎದ್ದು, ‘ಸರ್, ಚಿಮಣಿ ಒಳಗೆ ಹುಡುಗ ಹೇಗೆ ಇಳೀತಾನೆ?’ ಎಂದ. ಕ್ಲಾಸು ನಕ್ಕಿತು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅವನ ಮನೆಯಲ್ಲಿ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ! ಕರೆಂಟ್ ಹೋದಾಗ ಅಜ್ಜಿ ಹಚ್ಚುತ್ತಿದ್ದ ದೀಪ. ಆ ಪ್ರಶ್ನೆಯಿಂದಲೇ ಪಾಠ ಶುರುವಾಯಿತು. ಲಂಡನ್ನಿನ ಮನೆಗಳಲ್ಲಿ ಕಲ್ಲಿದ್ದಲು ಉರಿಸುತ್ತಿದ್ದರು, ಹೊಗೆ ಹೋಗುವ ಗೂಡು ಇಕ್ಕಟ್ಟು, ದೊಡ್ಡವರ ಮೈ ಅದರಲ್ಲಿ ತೂರುವುದಿಲ್ಲ, ಅದಕ್ಕೇ ಚಿಕ್ಕ ಮಕ್ಕಳು ಬೇಕಿತ್ತು. ಎಂಟು ವರ್ಷದೊಳಗಿನವರನ್ನು ಇಳಿಸಬಾರದು ಅಂತ 1788ರಲ್ಲಿ ಕಾನೂನು ಬಂತು, ಯಾರೂ ಲೆಕ್ಕಕ್ಕಿಡಲಿಲ್ಲ. ಈ ಪದ್ಧತಿಗೆ ನಿಜವಾಗಿ ಕಡಿವಾಣ ಬಿದ್ದದ್ದು 1875ರ ಕಾನೂನಿನಿಂದ. ಈ ಇಸವಿಗಳನ್ನು ಯಾರೂ ಬರೆದುಕೊಳ್ಳಿ ಎಂದು ನಾನು ಹೇಳಲಿಲ್ಲ. ಆದರೂ ಬರೆದುಕೊಂಡರು. ಯಾಕೆಂದರೆ ಆ ಹುಡುಗನ ವಯಸ್ಸು ಎಷ್ಟಿರಬಹುದು ಅಂತ ಅವರಿಗೆ ತಿಳಿಯಬೇಕಿತ್ತು.

ಕವಿತೆಯಲ್ಲಿ ಹುಡುಗನೇ ಮಾತಾಡುತ್ತಾನೆ. ಅಮ್ಮ ಸತ್ತಾಗ ತಾನು ತೀರಾ ಚಿಕ್ಕವನು, ನಾಲಿಗೆ ಸರಿಯಾಗಿ ಹೊರಳುವ ಮೊದಲೇ ಅಪ್ಪ ಮಾರಿಬಿಟ್ಟ ಎನ್ನುತ್ತಾನೆ. ಬೀದಿಯಲ್ಲಿ ‘ಸ್ವೀಪ್, ಸ್ವೀಪ್’ ಅಂತ ಕೂಗಬೇಕಾದ ಮಗು ‘ವೀಪ್, ವೀಪ್’ ಅನ್ನುತ್ತದೆ. ಗುಡಿಸುತ್ತೇನೆ ಅನ್ನಲು ಹೋಗಿ ಅಳು ಅಂದಂತಾಗುತ್ತದೆ. ಇದನ್ನು ನಾನು ವಿವರಿಸಬೇಕಾಗಲಿಲ್ಲ. ಜೋರಾಗಿ ಎರಡು ಸಲ ಓದಿದೆ. ‘ತೊದಲು ಸರ್’ ಎಂದು ಹಿಂದಿನ ಬೆಂಚಿನಿಂದ ಬಂತು. ‘ನನ್ನ ತಮ್ಮ ಸ್ಕೂಲ್ ಅನ್ನೋಕೆ ಬರದೆ ಕೂಲ್ ಅಂತಿದ್ದ.’

ಅದರ ಮುಂದಿನ ಸಾಲಿನಲ್ಲಿ ಅವನು ‘ಯುವರ್ ಚಿಮ್ನೀಸ್’ ಅನ್ನುತ್ತಾನೆ. ಕನ್ನಡದಲ್ಲಿ ಹೇಳಿ ನೋಡೋಣ ಎಂದೆ. ಅರ್ಧ ಕ್ಲಾಸು ‘ನಿನ್ನ’ ಎಂದಿತು, ಅರ್ಧ ‘ನಿಮ್ಮ’ ಎಂದಿತು. ಜಗಳವೇ ಆಯಿತು. ಕೂಲಿ ಹುಡುಗ ಯಾರಿಗೆ ಹೇಳುತ್ತಿದ್ದಾನೆ? ಮನೆ ಯಜಮಾನರಿಗೆ. ಹಾಗಾದರೆ ‘ನಿಮ್ಮ’ ಅನ್ನಲೇಬೇಕು, ಬೇರೆ ದಾರಿ ಇಲ್ಲ. ಆಗ ಒಬ್ಬಳು ನಿಧಾನಕ್ಕೆ ಕೇಳಿದಳು: ‘ಓದೋರು ನಾವಲ್ವಾ ಸರ್? ಹಾಗಾದ್ರೆ ನಮಗೇ ಹೇಳ್ತಿದಾನಾ?’ ಇಂಗ್ಲಿಷಿನಲ್ಲಿ ನನ್ನ ಕಣ್ಣು ಎಷ್ಟೋ ವರ್ಷ ಆ ಪದದ ಮೇಲೆ ಜಾರಿಕೊಂಡು ಹೋಗಿತ್ತು. ಇಂಗ್ಲಿಷಿಗೆ ‘ಯೂ’ ಒಂದೇ. ಕನ್ನಡದಲ್ಲಿ ನಿಲ್ಲಬೇಕಾಗುತ್ತದೆ, ಆಯ್ಕೆ ಮಾಡಬೇಕಾಗುತ್ತದೆ. ಆ ನಿಂತ ಜಾಗದಲ್ಲೇ ಅವಳಿಗೆ ಕವಿತೆ ಸಿಕ್ಕಿತು.

ಕೊನೆಯ ಸಾಲಿಗೆ ಬಂದಾಗ ಇನ್ನೊಂದು ಗಲಾಟೆ. ಕನಸಿನಲ್ಲಿ ದೇವದೂತ ಬಂದು ಕಪ್ಪು ಶವಪೆಟ್ಟಿಗೆಗಳ ಬೀಗ ತೆಗೆದು ಮಕ್ಕಳನ್ನು ಬಿಡುಗಡೆ ಮಾಡುತ್ತಾನೆ. ಬೆಳಗಾದರೆ ಮತ್ತೆ ಅದೇ ಚಳಿ, ಅದೇ ಮಸಿ, ಅದೇ ಕೆಲಸ. ಎಲ್ಲರೂ ತಮ್ಮ ಕರ್ತವ್ಯ ಮಾಡಿದರೆ ಹೆದರಬೇಕಿಲ್ಲ ಎಂದು ಕವಿತೆ ಮುಗಿಯುತ್ತದೆ. ‘ಒಳ್ಳೇ ನೀತಿ’ ಎಂದರು ಕೆಲವರು. ಒಬ್ಬ ಎದ್ದ. ಅವನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ‘ಅಲ್ಲಿ ಗೋಡೆ ಮೇಲೆ ಇಂಥದ್ದೇ ಬರೆದು ಹಾಕಿದಾರಂತೆ ಸರ್. ಇದು ಓನರ್ ಮಾತು.’ ಅಷ್ಟರಲ್ಲಿ ‘ನಮಗೇ ಹೇಳ್ತಿದಾನಾ’ ಎಂದು ಕೇಳಿದ್ದ ಹುಡುಗಿ ಹೇಳಿದಳು: ‘ಓನರ್ ಹೇಳಿದ್ದನ್ನು ಹುಡುಗ ನಂಬಿದಾನೆ. ಬರೆದೋರು ನಂಬಿಲ್ಲ.’

ಮಾನ್ಯರೇ, ಮಾತಾಡುವವನು ಬೇರೆ, ಬರೆದವನು ಬೇರೆ. ನಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಪರ್ಸೋನಾ ಅಂತ ಹೆಸರಿದೆ, ಎರಡು ಅಂಕದ ಪ್ರಶ್ನೆ ಇದೆ. ಅವಳಿಗೆ ಆ ಪದ ಗೊತ್ತಿರಲಿಲ್ಲ. ವಿಷಯ ಸಿಕ್ಕಿತ್ತು. ಆಮೇಲೆ ನಾನು ಬೋರ್ಡಿನ ಮೇಲೆ ಪದ ಬರೆದೆ. ಹೇಳುವುದೊಂದು, ಅರ್ಥ ಇನ್ನೊಂದು ಆಗುವುದಕ್ಕೆ ಐರನಿ ಎಂದೂ ಬರೆದೆ. ಯಾರೂ ಮರೆಯಲಿಲ್ಲ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಮೊದಲು ಹೆಸರು, ವಸ್ತು ಯಾವಾಗಲೋ, ಕೆಲವೊಮ್ಮೆ ಬರುವುದೇ ಇಲ್ಲ.

ಆ ಸೆಮಿಸ್ಟರ್ ನನ್ನ ಒಂದೂವರೆ ಯೂನಿಟ್ ಉಳಿದುಹೋಯಿತು. ಕೊನೆಯ ವಾರ ಪಾಪ, ಮಕ್ಕಳು ಅದೇ ಜೆರಾಕ್ಸ್ ಅಂಗಡಿಗೆ ಹೋದರು. ಬ್ಲೇಕ್ ಪರೀಕ್ಷೆಗೆ ಬರಲಿಲ್ಲ.

ಇನ್ನೊಂದು ವಿಷಯ. ಇಂಗ್ಲಿಷ್ ತರಗತಿಗೆ ಬರುವ ಮಕ್ಕಳು ಖಾಲಿ ಕೈಯಲ್ಲಿ ಬರುತ್ತಾರೆ ಎಂಬಂತೆ ಪಠ್ಯಕ್ರಮ ಮಾಡುತ್ತೇವೆ. ಖಾಲಿ ಕೈ ಏನಲ್ಲ. ಹೈಸ್ಕೂಲಿನ ಕನ್ನಡದಲ್ಲಿ ಅವರು ಉಪಮೆ, ರೂಪಕ ಓದಿದ್ದಾರೆ. ಲಕ್ಷ್ಮೀಶನನ್ನು ಉಪಮಾಲೋಲ ಅಂತ ಯಾಕೆ ಕರೆಯುತ್ತಾರೆ ಎಂದು ಬರೆದು ಅಂಕ ತೆಗೆದಿದ್ದಾರೆ. ಲಘು ಗುರು ಹಾಕಿ ಭಾಮಿನಿ ಷಟ್ಪದಿಯನ್ನು ಮೂರು ನಾಲ್ಕು ಮೂರು ನಾಲ್ಕು ಅಂತ ಗಣ ವಿಭಾಗ ಮಾಡಿದ್ದಾರೆ. ಇಂಥವರಿಗೆ ‘ಸಿಮಿಲಿ ಈಸ್ ಎ ಫಿಗರ್ ಆಫ್ ಸ್ಪೀಚ್’ ಅಂತ ಡಿಕ್ಟೇಟ್ ಮಾಡುವುದು ಈಜು ಬಂದವನಿಗೆ ನೀರು ಒದ್ದೆ ಇರುತ್ತೆ ಎಂದ ಹಾಗೆ.

ಕವಿ ಥಾಮಸ್ ಗ್ರೇ ಸ್ಮಶಾನದಲ್ಲಿ ಕೂತು ಬರೆದ ಹಾಗಿರುವ ಎಲಿಜಿ, ಅಂದರೆ ಶೋಕಗೀತೆ, ನಿಮಗೆಲ್ಲ ಗೊತ್ತು, 1751ರದ್ದು. ಅದರ ಮೊದಲ ಸಾಲು, ‘ದ ಕರ್ಫ್ಯೂ ಟೋಲ್ಸ್ ದ ನೆಲ್ ಆಫ್ ಪಾರ್ಟಿಂಗ್ ಡೇ’. ಬೋರ್ಡಿನ ಮೇಲೆ ಬರೆದು ಪ್ರಸ್ತಾರ ಹಾಕಿ ಎಂದೆ. (ಕರ್ಫ್ಯೂ ಅಂದರೆ ಏನೆಂದು ಈ ಪೀಳಿಗೆಗೆ ಹೇಳಬೇಕಿಲ್ಲ. ಮೂಲದಲ್ಲಿ ಅದು ಒಲೆ ಮುಚ್ಚಿ ಮಲಗಿ ಎಂದು ಹೊಡೆಯುತ್ತಿದ್ದ ಗಂಟೆ ಎಂದಾಗ ಮಾತ್ರ ಆಶ್ಚರ್ಯಪಟ್ಟರು.) ಮಕ್ಕಳು ಕನ್ನಡದ ನಿಯಮ ಹಾಕಿದರು. ‘ಕರ್’ ಗುರು, ‘ಫ್ಯೂ’ ಗುರು, ‘ಟೋಲ್ಸ್’ ಗುರು. ಸಾಲಿಗೆ ಸಾಲೇ ಗುರು ತುಂಬಿಕೊಂಡಿತು, ಲಯ ಸಿಗಲಿಲ್ಲ. ಈಗ ಓದಿ, ಎಲ್ಲಿ ಒತ್ತು ಬೀಳುತ್ತದೆ ನೋಡಿ ಎಂದೆ. ‘ಕರ್’ ಮೇಲೆ ಬೀಳುತ್ತದೆ, ‘ಫ್ಯೂ’ ಮೇಲೆ ಇಲ್ಲ, ‘ಟೋಲ್ಸ್’ ಮೇಲೆ ಬೀಳುತ್ತದೆ, ‘ದ’ ಮೇಲೆ ಇಲ್ಲ. ಸಾಲಿನಲ್ಲಿ ಹತ್ತು ಉಲಿ, ಐದು ಪೆಟ್ಟು. ನಾವು ಎಣಿಸುವುದು ಉಚ್ಚಾರದ ಕಾಲ, ಅವರು ಎಣಿಸುವುದು ಒತ್ತು. ಈ ಐದು ಪೆಟ್ಟಿನ ಲಯಕ್ಕೆ ಹೆಸರಾದ ಅಯಾಂಬಿಕ್ ಪೆಂಟಾಮೀಟರ್ ಎಂಬ ಭೂತ ಒಂದು ಗಂಟೆಯಲ್ಲಿ ಇಳಿಯಿತು. ಕನ್ನಡ ಛಂದಸ್ಸು ಗೊತ್ತಿಲ್ಲದೆ ಇದನ್ನು ಇಷ್ಟು ಬೇಗ ಹೇಳಿಕೊಡಲು ನನಗೆ ಆಗುತ್ತಿರಲಿಲ್ಲ.

ಪ್ರಾಸವೂ ಹಾಗೇ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ. ಇಂಗ್ಲಿಷಿನದು ಸಾಲಿನ ತುದಿಯಲ್ಲಿ. ನಮ್ಮ ಹಿರಿಯರು ಇದನ್ನೆಲ್ಲ ನೂರು ವರ್ಷದ ಹಿಂದೆಯೇ ತಿಣುಕಾಡಿ ಕನ್ನಡಕ್ಕೆ ತಂದಿದ್ದಾರೆ. ಅಂತ್ಯಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್‌ಗೆ ಸರಳ ರಗಳೆ, ಹದಿನಾಲ್ಕು ಸಾಲಿನ ಸಾನೆಟ್‌ಗೆ ಸುನೀತ, ಸಂಬೋಧಿಸಿ ಹಾಡುವ ಓಡ್‌ಗೆ ಪ್ರಗಾಥ. ಈ ಪದಗಳು ಕನ್ನಡ ವಿಭಾಗದ ಕೊಠಡಿಯಲ್ಲಿವೆ. ನಡುವೆ ಇರುವುದು ಒಂದು ಕಾರಿಡಾರು.

ಆ ಕೆಲಸ ಮಾಡಿದವರಲ್ಲಿ ಮೊದಲು ನೆನಪಾಗುವ ಬಿಎಂಶ್ರೀ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರೇ ಅಲ್ವಾ? ಅವರು ಇಂಗ್ಲಿಷಿನಿಂದ ತಂದ ‘ಕರುಣಾಳು ಬಾ ಬೆಳಕೆ’ ಹಾಡದ ಶಾಲೆ ನಮ್ಮ ಕಡೆ ಕಡಿಮೆ. ಅದರ ಮೂಲ ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ, ಗಾಳಿ ಇಲ್ಲದೆ ಸಮುದ್ರದ ಮಧ್ಯೆ ನಿಂತ ಹಡಗಿನಲ್ಲಿ ಬರೆದದ್ದು ಎಂದಾಗ ಕ್ಲಾಸಿನ ಮುಖ ನೋಡಬೇಕು. ಅಷ್ಟು ದಿನ ಅದು ನಮ್ಮದೇ ಹಾಡು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಇಂಗ್ಲಿಷಿನಲ್ಲಿ ರಾತ್ರಿ ಕತ್ತಲಾಗಿದೆ ಎಂದಷ್ಟೇ ಇದೆ. ಕನ್ನಡದಲ್ಲಿ ಅದು ಕತ್ತಲೆಯ ಗವಿ. ಗವಿ ಎಲ್ಲಿಂದ ಬಂತು? ಒಂದು ಪುಟ ಬರೆದುಕೊಂಡು ಬನ್ನಿ ಎಂದೆ. ಬಂದ ಪುಟಗಳಲ್ಲಿ ಎರಡು ಒಂದೇ ತರಹ ಇರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಇದಕ್ಕೆ ನೋಟ್ಸ್ ಇಲ್ಲ ನೋಡಿ.

ಕುವೆಂಪು ಅವರ ಕಿಂದರಿಜೋಗಿಯನ್ನೂ ಹೀಗೇ ಅದರ ಮೂಲವಾದ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯ ಜೊತೆ ಓದಿಸಬಹುದು. ವೇಸರ್ ನದಿ ದಂಡೆಯ ಹ್ಯಾಮೆಲಿನ್ ತುಂಗೆಯ ದಂಡೆಗೆ ಬಂದು ಬೊಮ್ಮನಹಳ್ಳಿಯಾಗಿದೆ. ಬ್ರೌನಿಂಗ್‌ನ ಇಲಿಗಳಲ್ಲಿ ‘ಕಸಿನ್ಸ್’ ಇದ್ದಾರೆ. ನಮ್ಮ ಮಕ್ಕಳ ಪ್ರಶ್ನೆ, ‘ಕಸಿನ್ ಅಂದ್ರೆ ಚಿಕ್ಕಪ್ಪನ ಮಗನಾ, ಸೋದರಮಾವನ ಮಗನಾ?’ ಇಂಗ್ಲಿಷ್ ಹೇಳುವುದಿಲ್ಲ. ಅದೇ ಒಂದು ಪಾಠ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನ ಬರಬಹುದು. ವರ್ಡ್ಸ್‌ವರ್ತ್ ಕವಿತೆಯ ಡ್ಯಾಫೊಡಿಲ್ ಹೂವು ತೆಗೆದು ಹುಚ್ಚೆಳ್ಳು ಹೂವು ಹಾಕಿ ಎನ್ನುತ್ತಿದ್ದಾನಾ ಈ ಮೇಷ್ಟ್ರು? ಇಲ್ಲ. ಡ್ಯಾಫೊಡಿಲ್ ಇರಲಿ. ಅದನ್ನು ಕಂಡಿಲ್ಲ ಎನ್ನುವುದು ದೊಡ್ಡ ಸಮಸ್ಯೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕ್ಷೀರಸಾಗರವನ್ನು ಯಾರು ಕಂಡಿದ್ದಾರೆ? ವರ್ಡ್ಸ್‌ವರ್ತ್ 1802ರ ಏಪ್ರಿಲ್‌ನಲ್ಲಿ ಆ ಹೂವು ನೋಡಿದಾಗ ಜೊತೆಗೆ ತಂಗಿ ಡೊರೊಥಿ ಇದ್ದಳು. ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಎರಡು ವರ್ಷ ಬಿಟ್ಟು ಅವನು ಕವಿತೆ ಬರೆದಾಗ ಒಂಟಿಯಾಗಿ ಅಲೆಯುತ್ತಿದ್ದೆ ಎಂದ. ‘ತಂಗೀನ ಯಾಕೆ ಬಿಟ್ಟ ಸರ್?’ ಅಂತ ಒಬ್ಬಳು ಸಿಟ್ಟಿನಲ್ಲೇ ಕೇಳಿದಳು. ಹೂವಿನ ಫೋಟೋ ತೋರಿಸುವುದಕ್ಕಿಂತ ಆ ಸಿಟ್ಟು ಜಾಸ್ತಿ ಕೆಲಸ ಮಾಡಿತು.

ಇನ್ನು ಆಕ್ಷೇಪಗಳು. ಚರಿತ್ರೆ ಗೊತ್ತಿಲ್ಲದೆ ಎಂ.ಎ.ಗೆ ಹೋದರೆ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆದರೆ ಗತಿ ಏನು? ಚರಿತ್ರೆ ಬೇಡವೇ ಬೇಡ ಅಂತ ನಾನು ಹೇಳಿಲ್ಲ. ನಾಲ್ಕನೇ, ಐದನೇ ಸೆಮಿಸ್ಟರ್‌ನಲ್ಲಿ ಕೊಡಿ. ಹತ್ತಿಪ್ಪತ್ತು ಕವಿತೆ ಓದಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವ ಆಸೆ ತಾನೇ ಬರುತ್ತದೆ. ಮಾತಾಡುವ ಇಂಗ್ಲಿಷ್ ಬೇಕೆಂದು ಬಂದವರಿಗೆ ಕವಿತೆ ಯಾಕೆ ಎಂಬುದು ಇನ್ನೊಂದು. ಇದು ನಿಜಕ್ಕೂ ಗಟ್ಟಿ ಪ್ರಶ್ನೆ. ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಇಷ್ಟು ಮಾತ್ರ ಕಂಡಿದ್ದೇನೆ. ಡಿಕ್ಟೇಷನ್ ತೆಗೆದುಕೊಳ್ಳುವ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ‘ನಿನ್ನ’ವೋ ‘ನಿಮ್ಮ’ವೋ ಅಂತ ಜಗಳವಾದ ದಿನ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಸೇರಿಸಿ ಎಲ್ಲರೂ ಮಾತಾಡಿದರು.

ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷ್ ಯಾವಾಗ ಕಲಿಯುತ್ತಾರೆ ಎಂದು ಕೇಳುವವರಿಗೆ ಒಂದು ಮಾತು. ಕಾವ್ಯ ಓದುವಾಗ ತಡವರಿಸುವುದು ಇಂಗ್ಲಿಷ್ ಬಾರದವರು ಮಾತ್ರವಲ್ಲ. 1920ರ ದಶಕದಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಕವಿಯ ಹೆಸರು, ಇಸವಿ ಎಲ್ಲ ತೆಗೆದುಹಾಕಿ ಬರೀ ಕವಿತೆ ಕೊಟ್ಟು ಅಭಿಪ್ರಾಯ ಬರೆಯಿರಿ ಎಂದರು. ಅವರು ಬರೆದದ್ದನ್ನು 1929ರಲ್ಲಿ ಪುಸ್ತಕ ಮಾಡಿದರು. ಇಂಗ್ಲಿಷ್ ತಾಯ್ನುಡಿಯವರೇ ಅದರಲ್ಲಿ ಧಾರಾಳವಾಗಿ ತಪ್ಪಿದ್ದಾರೆ. ನಾವು ಆ ಪ್ರಯೋಗದ ಬಗ್ಗೆ ನೋಟ್ಸ್ ಕೊಡುತ್ತೇವೆ, ಪ್ರಯೋಗ ಮಾತ್ರ ಮಾಡುವುದಿಲ್ಲ. ಇನ್ನೂ ಒಂದು ತಮಾಷೆ. ಇಂಗ್ಲಿಷ್ ಸಾಹಿತ್ಯವನ್ನು ಪ್ರತ್ಯೇಕ ಪದವಿ ಮಾಡಲು ಆಕ್ಸ್‌ಫರ್ಡ್ 1890ರ ದಶಕದವರೆಗೆ, ಕೇಂಬ್ರಿಜ್ 1917ರವರೆಗೆ ಕಾದವು. ಕಲ್ಕತ್ತದ ಹುಡುಗರು 1830ರ ದಶಕದಲ್ಲೇ ಶೇಕ್ಸ್‌ಪಿಯರ್ ಪರೀಕ್ಷೆ ಬರೆಯುತ್ತಿದ್ದರು. ಬಾಯಿಪಾಠದ ಚಾಳಿ ನಮಗೆ ಅಷ್ಟು ಹಳೆಯದು.

ಪ್ರಶ್ನೆಪತ್ರಿಕೆ ಬದಲಾಗದೆ ಪಠ್ಯ ಬದಲಾದರೆ ಏನೂ ಉಪಯೋಗವಿಲ್ಲ. ಮೊದಲ ಸೆಮಿಸ್ಟರ್ ಪರೀಕ್ಷೆಯಲ್ಲಿ ಕ್ಲಾಸಿನಲ್ಲಿ ಓದಿರದ ಒಂದು ಹತ್ತು ಸಾಲಿನ ಕವಿತೆ ಅಚ್ಚು ಹಾಕಿ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾವ ಪದ ನಿಮ್ಮನ್ನು ತಡೆದು ನಿಲ್ಲಿಸಿತು ಎಂದು ಕೇಳಿ. ಮುರುಕು ಇಂಗ್ಲಿಷಿನಲ್ಲಿ ಬರೆದರೂ ಅಂಕ ಕೊಡಿ ಎಂದು ಮೌಲ್ಯಮಾಪಕರಿಗೆ ಒಂದು ಸಾಲಿನ ಸೂಚನೆ ಕೊಡಿ. ತಿದ್ದುವುದು ಕಷ್ಟವಾಗುತ್ತದೆ, ಗೊತ್ತು. ದಿನಕ್ಕೆ ನಲವತ್ತು ಪತ್ರಿಕೆ ತಿದ್ದುವವರು ಇಪ್ಪತ್ತೈದೇ ತಿದ್ದಬೇಕಾಗಬಹುದು.

ಪಠ್ಯಕ್ರಮ ಈಗಷ್ಟೇ ಬದಲಾಗಿದೆ, ಮತ್ತೆ ಯಾಕೆ ಎನ್ನಬೇಡಿ. ರಾಷ್ಟ್ರೀಯ ಶಿಕ್ಷಣ ನೀತಿ ಬಂತೆಂದು 2021ರಲ್ಲಿ ಬದಲಾಯಿಸಿದಿರಿ. ಮೂರು ವರ್ಷದ ಪದವಿ ಮರಳಿ ಬಂತೆಂದು 2024ರಲ್ಲಿ ಮತ್ತೆ ಬದಲಾಯಿಸಿದಿರಿ. ಯೂನಿಟ್‌ಗಳು ಆ ಕಡೆ ಈ ಕಡೆ ಹೋದವು, ಕ್ರೆಡಿಟ್ ಲೆಕ್ಕ ಬದಲಾಯಿತು, ಪತ್ರಿಕೆಯ ಹೆಸರು ಬದಲಾಯಿತು. ಜೆರಾಕ್ಸ್ ಅಂಗಡಿಯವನು ಮುಖಪುಟ ಮಾತ್ರ ಬದಲಾಯಿಸಿದ.

ಈ ಸಲದ ಕ್ಲಾಸಿನಲ್ಲಿ 31 ಜನ ಇದ್ದಾರೆ. ಬ್ಲೇಕ್‌ನ 24 ಸಾಲು ಒಂದು ಹಾಳೆಯ ಒಂದೇ ಮಗ್ಗುಲಿಗೆ ಹಿಡಿಸುತ್ತದೆ. ಅದೇ ಅಂಗಡಿಯಲ್ಲಿ 31 ಪ್ರತಿ ತೆಗೆಸಿ ಇಟ್ಟುಕೊಂಡಿದ್ದೇನೆ. ಸೋಮವಾರ ಹಂಚುತ್ತೇನೆ. ಪಾಠದ ದಿನಚರಿಯಲ್ಲಿ ಅದನ್ನು ಯಾವ ಯೂನಿಟ್‌ನ ಕೆಳಗೆ ಬರೆಯಲಿ ಎಂದು ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಮೇಷ್ಟ್ರು